ಹಾಡನ್ನು ಪಿಯಾನೋಗೆ ಇಳಿಸಲು ಪೆನ್ಸಿಲ್ಲೋ, ಮ್ಯೂಸ್‌ಸ್ಕೋರೋ, ಎಐಯೋ?

ಕೇಳಿದ ಹಾಡನ್ನು ಪಿಯಾನೋದಲ್ಲಿ ಎರಡೂ ಕೈಗೆ ಹೊಂದುವ ಹಾಗೆ ಬರೆದುಕೊಳ್ಳಬೇಕು, ಹಾಗೇ ನೊಟೇಶನ್, ಅಂದರೆ ಗೆರೆಗಳ ಮೇಲೆ ಬರೆದ ಸ್ವರಲಿಪಿ, ಓದುವುದೂ ಬರಬೇಕು ಅನ್ನುವವರ ಮುಂದೆ ಈಗ ಮುಖ್ಯವಾಗಿ ಮೂರು ದಾರಿಗಳಿವೆ. ಕಿವಿ ಮತ್ತು ಪೆನ್ಸಿಲ್ ಒಂದು. ಕಂಪ್ಯೂಟರ್‌ನಲ್ಲಿ ನೊಟೇಶನ್ ಬರೆಯುವ ಮ್ಯೂಸ್‌ಸ್ಕೋರ್‌ನಂಥ ಸಾಫ್ಟ್‌ವೇರ್ ಇನ್ನೊಂದು. ಆಡಿಯೋ ಕೊಟ್ಟರೆ ತಾನೇ ಬರೆದುಕೊಡುವ ಎಐ ಮೂರನೆಯದು. ಒಂದೇ ಹಾಡನ್ನು ಮೂರರಲ್ಲೂ ಬರೆದು ನೋಡಿದೆ. ನಿಧಾನದ ಹಾಡು, 6/8 ತಾಳ, ಒಬ್ಬರ ದನಿ, ಹಿಂದೆ ಗಿಟಾರ್ ಮತ್ತು ಬೇಸ್. ಸ್ವರ ಮೂರರಲ್ಲೂ ಹೇಗೋ ಸಿಗುತ್ತದೆ. ಬಂಡವಾಳ ಬಯಲಾಗುವುದು ಲಯ ಬರೆಯುವಾಗ.

ಮೊದಲು ಎಐ, ಏಕೆಂದರೆ ಎಲ್ಲರ ಕಣ್ಣೂ ಅದರ ಮೇಲೇ ಇದೆ. ಹಾಡು ಅಪ್‌ಲೋಡ್ ಮಾಡಿದ ಸ್ವಲ್ಪ ಹೊತ್ತಿಗೇ ಮಿಡಿ ಫೈಲ್ (ದನಿ ಅಲ್ಲ, ಯಾವ ಸ್ವರ ಯಾವಾಗ ಅನ್ನುವ ಪಟ್ಟಿ) ಬಂತು. ಅದನ್ನು ನೊಟೇಶನ್ ಆಗಿ ತೆರೆದರೆ ಹಾಳೆ ತುಂಬ ಇರುವೆ ಸಾಲು. ಹಾಡಿನಲ್ಲಿದ್ದ ಸ್ವರಗಳು ಬಹುಪಾಲು ಇದ್ದವು, ಇಲ್ಲದವೂ ಇದ್ದವು. ಇದಕ್ಕೆ ಕಾರಣ ಇದೆ. 220 ಹರ್ಟ್ಸ್‌ನ ಎ ಸ್ವರ ನುಡಿಸಿದಾಗ ಅದರ ಜೊತೆಗೇ 440, 660, 880 ಹರ್ಟ್ಸ್‌ಗಳೂ ಮೊಳಗುತ್ತವೆ. 440 ಅಂದರೆ ಮೇಲಿನ ಎ, 660 ಹೆಚ್ಚುಕಡಿಮೆ ಇ ಸ್ವರ. ನಮ್ಮ ಕಿವಿ ಇವನ್ನೆಲ್ಲ ಒಂದೇ ಸ್ವರ ಅಂದುಕೊಳ್ಳುತ್ತದೆ. ಪ್ರೋಗ್ರಾಂ ಕೆಲವೊಮ್ಮೆ ಎರಡು ಮೂರು ಸ್ವರ ಬರೆದುಬಿಡುತ್ತದೆ.

ಅದನ್ನಾದರೂ ಅಳಿಸಬಹುದು, ಲಯದ ಗೋಳು ದೊಡ್ಡದು. ಸ್ವರ ಯಾವ ಕ್ಷಣಕ್ಕೆ ಶುರುವಾಯಿತು, ಯಾವಾಗ ನಿಂತಿತು ಅನ್ನುವುದಷ್ಟೇ ಆ ಫೈಲ್‌ನಲ್ಲಿತ್ತು. ಬಾರ್, ಅಂದರೆ ತಾಳದ ಒಂದು ಸುತ್ತು, ಎಲ್ಲಿ ಶುರು, ಒತ್ತು ಎಲ್ಲಿ ಬೀಳುತ್ತದೆ ಅನ್ನುವ ಸುಳಿವೇ ಇರಲಿಲ್ಲ. ಹಾಡುವವರು ಒಂದು ಪದವನ್ನು ಚೂರು ತಡವಾಗಿ ಎತ್ತಿಕೊಂಡರೆ ಅದು ಹದಿನಾರನೇ ಪಾಲಿನ ರೆಸ್ಟ್ (ಮೌನದ ಗುರುತು) ಆಗಿ, ಟೈ (ಎರಡು ಸ್ವರ ಬೆಸೆಯುವ ಗೆರೆ) ಆಗಿ, ಇನ್ನೇನೋ ಆಗಿ ಹಾಳೆಗೆ ಇಳಿಯುತ್ತದೆ. 6/8 ಹಾಡು 4/4 ಆಗಿ ತೆರೆದುಕೊಂಡಿತು. ಹಾಡಿನ ರಾಗ ಪಿಯಾನೋದ ನಡುವಿನ ಮಿಡಲ್ ಸಿ ಸ್ವರಕ್ಕಿಂತ ಕೆಳಗೆ ಇಳಿದಾಗಲೆಲ್ಲ ಎಡಗೈಗೆ ಹೋಗಿ ಕೂತಿತು. ತಿದ್ದುವ ಹೊತ್ತಿನಲ್ಲಿ ಹೊಸದಾಗಿ ಬರೆದುಬಿಡಬಹುದಿತ್ತು. ಪಿಯಾನೋ ಒಂದೇ ಇರುವ ರೆಕಾರ್ಡಿಂಗ್ ಕೊಟ್ಟಾಗ ಮಾತ್ರ ಫಲಿತಾಂಶ ಎಷ್ಟೋ ವಾಸಿ.

ಬಣ್ಣದ ಪಟ್ಟಿಗಳು ಮೇಲಿನಿಂದ ಕೀಲಿಗಳ ಮೇಲೆ ಬೀಳುವ ವಿಡಿಯೋಗಳನ್ನೂ ನೋಡಿದೆ. ಬೆರಳು ಕಲಿಯುತ್ತದೆ, ಓದುವುದು ಬರುವುದಿಲ್ಲ. ಅಷ್ಟೇ.

ಪೆನ್ಸಿಲ್ ದಾರಿ ನಿಧಾನ, ಆದರೆ ಕಲಿಸುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. ಹಾಡನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಬೇಕು. ಆಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಟೆಂಪೋ (ವೇಗ) ಮಾತ್ರ ಬದಲಿಸಿದರೆ ಶ್ರುತಿ ಇದ್ದ ಹಾಗೇ ಇರುತ್ತದೆ. ಸ್ವರಕ್ಕೆ ಕೈ ಹಾಕುವ ಮೊದಲು ಕಾಲು ತಟ್ಟಿ ಎಣಿಸಿ, ಬಾರ್ ಗೆರೆಗಳನ್ನು ಎಳೆದುಬಿಡಿ. 3/4ರಲ್ಲೂ 6/8ರಲ್ಲೂ ಒಂದು ಬಾರ್‌ಗೆ ಆರೇ ಎಯ್ತ್ ನೋಟ್ (ಪೂರ್ತಿ ಸ್ವರದ ಎಂಟನೇ ಪಾಲು). ಆದರೆ 3/4ರಲ್ಲಿ ಎರಡೆರಡರ ಮೂರು ಗುಂಪು, 6/8ರಲ್ಲಿ ಮೂರುಮೂರರ ಎರಡು ಗುಂಪು. ಕಾಲು ಎಷ್ಟು ಸಲ ತಾನಾಗಿ ಕೆಳಗೆ ಬೀಳುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಬೇಸ್, ಅದಾದ ಮೇಲೆ ರಾಗ. ಈ ಎರಡು ಸಿಕ್ಕರೆ ನಡುವಿನ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು) ಮೇಜರೋ ಮೈನರೋ ಅಂತ ಪಿಯಾನೋದಲ್ಲೇ ಒತ್ತಿ ನೋಡಬಹುದು.

ಸ್ಟಾಫ್‌ನ, ಅಂದರೆ ನೊಟೇಶನ್ ಬರೆಯುವ ಐದು ಗೆರೆಗಳ, ಹೆಸರು ನೆನಪಿಡಲು ಪ್ರಾಸದ ವಾಕ್ಯಗಳನ್ನು ಬಾಯಿಪಾಠ ಮಾಡಿಸುತ್ತಾರೆ, ನನಗೆ ಅವು ಒಗ್ಗಲಿಲ್ಲ. ಮೂರು ಗುರುತು ಸಾಕು. ಟ್ರೆಬಲ್ ಕ್ಲೆಫ್‌ನ (ಸಾಮಾನ್ಯವಾಗಿ ಬಲಗೈ ಸ್ಟಾಫ್‌ನ ಆರಂಭದ ಚಿಹ್ನೆ) ಸುರುಳಿ ಸುತ್ತುವ ಗೆರೆ, ಅಂದರೆ ಕೆಳಗಿನಿಂದ ಎರಡನೆಯದು, ಜಿ. ಬೇಸ್ ಕ್ಲೆಫ್‌ನ (ಸಾಮಾನ್ಯವಾಗಿ ಎಡಗೈಯದು) ಎರಡು ಚುಕ್ಕೆಗಳ ನಡುವಿನ ಗೆರೆ ಎಫ್. ಎರಡೂ ಸ್ಟಾಫ್‌ಗಳ ಮಧ್ಯೆ ಪುಟ್ಟ ಗೆರೆಯ ಮೇಲೆ ಕೂರುವುದು ಮಿಡಲ್ ಸಿ. ಉಳಿದದ್ದನ್ನು ಅಲ್ಲಿಂದ ಎಣಿಸಿಕೊಂಡರಾಯಿತು.

ಪೆನ್ಸಿಲ್‌ನ ಕೊರತೆ ಒಂದೇ, ಆದರೆ ಸಣ್ಣದಲ್ಲ: ಬರೆದದ್ದು ಸರಿಯೋ ಅಂತ ಹಾಳೆ ನುಡಿದು ತೋರಿಸುವುದಿಲ್ಲ. ಈಗಿನ್ನೂ ಕಲಿಯುತ್ತಿರುವವರಿಗೆ ತಾವು ಬರೆದ ಲಯವನ್ನು ಓದಿ ಪರೀಕ್ಷಿಸುವುದೇ ಕಷ್ಟ, ಅಲ್ವಾ?

ಇಲ್ಲೇ ಮ್ಯೂಸ್‌ಸ್ಕೋರ್ ಗೆಲ್ಲುವುದು. ಉಚಿತ, ಬರೆದದ್ದನ್ನು ತಕ್ಷಣ ನುಡಿಸುತ್ತದೆ. ಕೀಬೋರ್ಡ್‌ನಲ್ಲಿ ಎನ್ ಒತ್ತಿದರೆ ಬರೆಯಲು ಸಿದ್ಧ. 4 ಒತ್ತಿದರೆ ಎಯ್ತ್ ನೋಟ್, 5 ಕ್ವಾರ್ಟರ್, 6 ಹಾಫ್, ಆಮೇಲೆ ಸ್ವರದ ಅಕ್ಷರ. ಎಷ್ಟು ಹೊತ್ತು ಅನ್ನುವುದನ್ನು ಮೊದಲು ಹೇಳಬೇಕು, ಯಾವ ಸ್ವರ ಅನ್ನುವುದು ನಂತರ. ಆರಂಭದಲ್ಲಿ ಇದು ಕಿರಿಕಿರಿ. ಆದರೆ ಲಯ ತಲೆಗೆ ಹತ್ತುವುದೂ ಈ ಕಿರಿಕಿರಿಯಿಂದಲೇ. ಒಂದೇ ಎಚ್ಚರಿಕೆ: ಕಂಪ್ಯೂಟರ್‌ಗೆ ಬೆರಳಿಲ್ಲ. ಯಾವ ಕೈಗೂ ಎಟುಕದ ಕಾರ್ಡನ್ನೂ ಅದು ಸಲೀಸಾಗಿ ನುಡಿಸುತ್ತದೆ. ಪ್ರತಿ ಬಾರನ್ನೂ ನಿಮ್ಮ ಕೈಯಲ್ಲೇ ನುಡಿಸಿ ನೋಡಿ.

ದುಡ್ಡು ಕೊಟ್ಟು ಕೊಳ್ಳುವ ಇಂಥದ್ದೇ ಸಾಫ್ಟ್‌ವೇರ್‌ಗಳಾದ ಸಿಬೇಲಿಯಸ್, ಡೊರಿಕೊ ಮೊದಲ ಹಾಡಿಗೆ ಬೇಕಿಲ್ಲ. ಯಾವುದನ್ನು ಬಳಸಿದರೂ ಮ್ಯೂಸಿಕ್‌ಎಕ್ಸ್‌ಎಂಎಲ್ ಅನ್ನುವ, ಬೇರೆ ಬೇರೆ ಸಾಫ್ಟ್‌ವೇರ್‌ಗಳು ತೆರೆಯಬಲ್ಲ ಫೈಲ್ ನಮೂನೆಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಬಹಳ ಹಳೆಯ ನೊಟೇಶನ್ ಸಾಫ್ಟ್‌ವೇರ್ ಆದ ಫಿನಾಲೆಯ ಅಭಿವೃದ್ಧಿಯನ್ನೇ 2024ರ ಆಗಸ್ಟ್‌ನಲ್ಲಿ ನಿಲ್ಲಿಸಿದರು. ಅದರ ಬಳಕೆದಾರರು ಬೇರೆ ಕಡೆಗೆ ಫೈಲ್ ಸಾಗಿಸಲು ಇದೇ ನಮೂನೆಯನ್ನು ನೆಚ್ಚಿಕೊಳ್ಳಬೇಕಾಯಿತು.

ನಾನು ಈಗ ಹಾಡಿನ ಮೊದಲ ಚರಣವನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಉಳಿದದ್ದು ಮ್ಯೂಸ್‌ಸ್ಕೋರ್‌ನಲ್ಲಿ. ಎಐ ಬೇಕಾಗುವುದು ಎಷ್ಟು ಕೇಳಿದರೂ ಬಿಡಿಸಲಾಗದ ಕಾರ್ಡ್‌ಗೆ ಮಾತ್ರ. ಆ ತುಣುಕನ್ನಷ್ಟೇ ಕತ್ತರಿಸಿ ಕೊಡುತ್ತೇನೆ. ಮೂಲ ಹಾಡು ಐದು ಫ್ಲಾಟ್ (ಅರ್ಧ ಮೆಟ್ಟಿಲು ತಗ್ಗಿಸಿದ ಸ್ವರ) ಇರುವ ಕೀಯಲ್ಲಿ, ಅಂದರೆ ಶ್ರುತಿಯಲ್ಲಿ, ಇದ್ದರೆ ಸುಮ್ನೆ ಒದ್ದಾಡಬೇಡಿ. ಇದ್ದ ಹಾಗೇ ಬರೆದು ಮುಗಿಸಿ, ಆಮೇಲೆ ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ) ಆಯ್ಕೆಯಿಂದ ಸಿಗೋ ಜಿಗೋ ಇಳಿಸಿ ಅಭ್ಯಾಸ ಮಾಡಿ.