ಒಂದೇ ಪದಕ್ಕೆ ಎರಡು ಸಂಜೆ: ರಾಯಚೂರಿನ ನಮ್ಮ ಇಂಗ್ಲಿಷ್ ಕ್ಲಾಸ್ ಬಗ್ಗೆ

ರಾಯಚೂರಿನಲ್ಲಿ ಕೆಲಸ ಮಾಡುತ್ತಾ ಇಂಗ್ಲಿಷ್ ಕಲಿಯಲು ಒಳ್ಳೆ ಜಾಗ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ನಾಲ್ಕು ತಿಂಗಳಿಂದ ಒಂದು ಸಂಜೆ ಕ್ಲಾಸಿಗೆ ಹೋಗುತ್ತಿದ್ದೇನೆ. ಮೇಡಂ ಒಬ್ಬರೇ ಕಲಿಸುತ್ತಾರೆ. ತಮ್ಮ ಮನೆಯ ಮಹಡಿಯಲ್ಲೇ ಕ್ಲಾಸು, ಹೊರಗೆ ಬೋರ್ಡು ಕೂಡ ಇಲ್ಲ. ಅವರಿಗೆ ಇಷ್ಟ ಆಗುವುದಿಲ್ಲ ಅಂತ ಹೆಸರು ಹಾಕುತ್ತಿಲ್ಲ. ತಿಂಗಳಿಗೆ 1,200 ರೂಪಾಯಿ, ವಾರಕ್ಕೆ ನಾಲ್ಕು ದಿನ, ಸಂಜೆ ಏಳರಿಂದ ಎಂಟೂವರೆ.

ಈ ಕ್ಲಾಸು ಯಾಕೆ ಇಷ್ಟ ಆಯಿತು ಅಂತ ಹೇಳಬೇಕಾದರೆ ಹಿಂದಿನದನ್ನು ಸ್ವಲ್ಪ ಹೇಳಬೇಕು. ನಾನು ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಹೊರ ರಾಜ್ಯದ ಖರೀದಿದಾರರಿಗೆ ಮೇಲ್ ಕಳಿಸುವ ಕೆಲಸವೂ ನನ್ನದೇ. ಮೊದಲು ಬೇರೆ ಕಡೆ ಸೇರಿದ್ದೆ. ಅಲ್ಲಿ ದಿನಕ್ಕೆ 20 ಪದ ಬರೆಸುತ್ತಿದ್ದರು, ಒಂದೊಂದರ ಎದುರಿಗೆ ಒಂದೇ ಒಂದು ಕನ್ನಡ ಅರ್ಥ, ಅದನ್ನು ಬಾಯಿಪಾಠ ಮಾಡಿಕೊಂಡು ಮರುದಿನ ಒಪ್ಪಿಸಬೇಕು, ಅಷ್ಟೇ. ‘ಅನ್‌ವೀಲ್ಡಿ’ (unwieldy) ಎದುರಿಗೆ ‘ತುಂಬಾ ಭಾರವಾದ’ ಅಂತ ಇತ್ತು. ನಾನು ಹಾಗೇ ನಂಬಿದೆ. ಒಂದು ದಿನ ಖರೀದಿದಾರರಿಗೆ, ಹತ್ತಿಯನ್ನು ಒತ್ತಿ ಪಟ್ಟಿ ಬಿಗಿದು ಕಟ್ಟಿದ ಬೇಲ್‌ಗಳು ಭಾರ ಇವೆ, ಇಳಿಸಲು ಜನ ಜಾಸ್ತಿ ಇಟ್ಟುಕೊಳ್ಳಿ ಅಂತ ತಿಳಿಸಬೇಕಿತ್ತು. ‘ದಿ ಬೇಲ್ಸ್ ಆರ್ ಅನ್‌ವೀಲ್ಡಿ’ ಅಂತ ಬರೆದು ಕಳಿಸಿದೆ.

ಹತ್ತು ನಿಮಿಷಕ್ಕೆ ಫೋನ್ ಬಂತು. ಬಿಗಿದ ಪಟ್ಟಿ ಹರಿದಿದೆಯಾ, ಪ್ರೆಸ್ ಸಡಿಲ ಆಗಿದೆಯಾ, ಬೇಲ್ ಆಕಾರ ಕೆಟ್ಟಿದೆಯಾ ಅಂತ ಒಂದೇ ಸಮ ಕೇಳಿದರು. ಒಂದು ಬೇಲ್ ಅಂದರೆ 170 ಕೆಜಿ. ಅದು ಭಾರ ಅಂತ ಹತ್ತಿ ವ್ಯಾಪಾರದವರಿಗೆ ನಾನು ಹೇಳಬೇಕಾಗಿಯೇ ಇರಲಿಲ್ಲ. ಅವರು ಓದಿಕೊಂಡಿದ್ದು, ಸರಕು ಹಿಡಿಯಲು ಎತ್ತಲು ಬಾರದ ಹಾಗೆ ಹಾಳಾಗಿದೆ ಅಂತ. ಫೋಟೋ ತೆಗೆದು ಕಳಿಸಿ ಒಪ್ಪಿಸುವವರೆಗೆ ಲಾರಿ ಅರ್ಧ ದಿನ ನಿಂತಿತ್ತು. ನನಗೆ ತುಂಬಾ ಬೇಜಾರಾಯಿತು.

ಈ ಕ್ಲಾಸಿಗೆ ಸೇರಿದ ಮೊದಲ ವಾರವೇ ಮೇಡಂಗೆ ಇದನ್ನು ಹೇಳಿದೆ. ಅವರು ಅರ್ಥ ಹೇಳಲಿಲ್ಲ. ಒಳಗೆ ಹೋಗಿ ಅಡುಗೆಮನೆಯಿಂದ 25 ಕೆಜಿಯ ಸೋನಾ ಮಸೂರಿ ಚೀಲ ತರಿಸಿದರು, ಇನ್ನೊಂದು ಕೋಣೆಯಿಂದ ಡಬಲ್ ಗಾದಿ ತರಿಸಿದರು. ಎರಡನ್ನೂ ಒಬ್ಬೊಬ್ಬರೇ ಬಾಗಿಲು ದಾಟಿಸಿ ಬನ್ನಿ ಅಂದರು. ಅಕ್ಕಿ ಚೀಲಕ್ಕೆ ಎರಡು ಕಿವಿ ಇರುತ್ತವೆ, ಹಿಡಿದು ಹೆಗಲಿಗೆ ಹಾಕಿಕೊಂಡರೆ ಆಯಿತು, ಭಾರ ಇದ್ದರೂ ಮೈಗೆ ಕೂರುತ್ತದೆ. ಗಾದಿ ಹಾಗಲ್ಲ. ಈ ಕಡೆ ಹಿಡಿದರೆ ಆ ಕಡೆ ಜೋಲುತ್ತದೆ, ತಬ್ಬಿಕೊಂಡರೆ ಮುಂದಿನದು ಕಾಣುವುದಿಲ್ಲ, ಬಾಗಿಲಲ್ಲಿ ಮಡಚಿಕೊಂಡು ಸಿಕ್ಕಿಬೀಳುತ್ತದೆ. ಎರಡನೆಯ ಹುಡುಗ ಬಾಗಿಲಲ್ಲೇ ಸಿಕ್ಕಿಕೊಂಡಾಗ ಮೇಡಂ ಹೇಳಿದರು: ಅಕ್ಕಿ ಚೀಲ ಹೆವಿ, ಗಾದಿ ಅನ್‌ವೀಲ್ಡಿ.

ಆಗ ನನಗೆ ನಮ್ಮ ಗಂಜ್‌ನ (ಮಾರುಕಟ್ಟೆಯ) ಹತ್ತಿ ಅಂಡಿಗೆಗಳು, ಅಂದರೆ ದೊಡ್ಡ ಚೀಲಗಳು, ನೆನಪಾದವು. ಸಡಿಲವಾಗಿ ತುಂಬಿದ ಅಂಡಿಗೆ ಅಷ್ಟೇ ಗಾತ್ರದ ಅಕ್ಕಿ ಚೀಲಕ್ಕಿಂತ ಹಗುರ ಇದ್ದರೂ ಹಮಾಲರಿಗೆ ಅದೇ ಜಾಸ್ತಿ ತ್ರಾಸು. ಹೊಟ್ಟೆ ಉಬ್ಬಿಕೊಂಡಿರುತ್ತದೆ, ಎರಡು ಕೈ ಚಾಚಿದರೂ ಸುತ್ತು ಬರುವುದಿಲ್ಲ. ಅದೇ ಹತ್ತಿಯನ್ನು ಒತ್ತಿ ಬೇಲ್ ಮಾಡಿದರೆ ಅಷ್ಟೇ ಗಾತ್ರಕ್ಕೆ ಎಷ್ಟೋ ಪಟ್ಟು ಭಾರ, ಆದರೆ ಅಳತೆ ಇದೆ, ಅಂಚಿದೆ, ಒಂದರ ಮೇಲೊಂದು ಪೇರಿಸಬಹುದು. ನಾನು ಮೇಲ್‌ನಲ್ಲಿ ಆ ಪದವನ್ನು ಪೂರ್ತಿ ಉಲ್ಟಾ ಬಳಸಿದ್ದೆ ಅಂತ ಅವತ್ತು ಅರ್ಥ ಆಯಿತು.

ಪದದ ಒಳಗೆ ‘ವೀಲ್ಡ್’ ಇದೆ. ಹಿಡಿದು ತನಗೆ ಬೇಕಾದ ಹಾಗೆ ಆಡಿಸುವುದು. ಕತ್ತಿಯನ್ನೂ ವೀಲ್ಡ್ ಮಾಡುತ್ತಾರೆ, ಅಧಿಕಾರವನ್ನೂ ವೀಲ್ಡ್ ಮಾಡುತ್ತಾರೆ, ಏಕೆಂದರೆ ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲ ಪದಕ್ಕೆ ಆಳು ಅನ್ನುವ ಅರ್ಥವೇ ಇತ್ತು. 14ನೇ ಶತಮಾನದ ಕೊನೆಯಲ್ಲಿ ‘ಅನ್‌ವೀಲ್ಡಿ’ ಅಂದರೆ ಶಕ್ತಿ ಇಲ್ಲದ್ದು ಅಂತ ಅರ್ಥ. 16ನೇ ಶತಮಾನದಲ್ಲಿ ಆಯುಧಗಳ ಬಗ್ಗೆ ಹೇಳುವಾಗ, ಗಾತ್ರದಿಂದಲೋ ಆಕಾರದಿಂದಲೋ ಹಿಡಿಯಲು ಕಷ್ಟವಾದದ್ದು ಅನ್ನುವ ಈಗಿನ ಅರ್ಥ ಬಂತು. ಮೊದಲು ಕುಂದು ಮನುಷ್ಯನ ತೋಳಿನಲ್ಲಿತ್ತು, ಆಮೇಲೆ ಅದು ವಸ್ತುವಿಗೆ ದಾಟಿತು. ಇದು ನನಗೆ ತುಂಬಾ ಹಿಡಿಸಿತು. ಕನ್ನಡದಲ್ಲಿ ನಾವು ‘ಕೈಗೆ ಒಗ್ಗುವುದಿಲ್ಲ’ ಅನ್ನುತ್ತೇವಲ್ಲ, ಅದೇ ಇದಕ್ಕೆ ಸರಿಯಾದ ಮಾತು.

ಎರಡನೆಯ ಸಂಜೆ ಮೇಡಂ ನಮ್ಮನ್ನು ಬೇಗ ಕರೆಸಿ ಕೋಟೆಗೆ ಕರೆದುಕೊಂಡು ಹೋದರು. ಅಲ್ಲಿನ ಶಾಸನದ ಕಲ್ಲನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಆದರೆ ನಿಂತು ನೋಡಿರಲಿಲ್ಲ. ಕಾಕತೀಯರ ಕಾಲದ್ದು, 1294ರ ಶಾಸನ, ಒಂದೇ ಕಲ್ಲು 41 ಅಡಿಗಿಂತ ಉದ್ದ. ಅದನ್ನು ತಂದ ಬಗೆಯನ್ನೂ ಗೋಡೆಯ ಕಲ್ಲಿನಲ್ಲಿ ಕೆತ್ತಿದ್ದಾರೆ. ಉದ್ದ ಗಾಡಿ, ಅದಕ್ಕೆ ಕೋಣಗಳ ಸಾಲು, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಜನ. ಇದು ಹೆವಿಯಾ, ಅನ್‌ವೀಲ್ಡಿಯಾ ಅಂತ ಕೇಳಿದರು. ನಾವೆಲ್ಲ ಎರಡೂ ಅಂದೆವು. ಸರಿ, ಇದನ್ನೇ 40 ತುಂಡು ಮಾಡಿದರೆ ಅಂದರು. ಒಟ್ಟು ಭಾರ ಅಷ್ಟೇ ಇರುತ್ತದೆ, ಆದರೆ ಆಮೇಲೆ ಅದನ್ನು ಯಾರೂ ಅನ್‌ವೀಲ್ಡಿ ಅನ್ನುವುದಿಲ್ಲ, ಅಲ್ವಾ? ತಿರುವಿನಲ್ಲಿ ಗಾಡಿ ಹೇಗೆ ಹೊರಳಿಸಿರಬಹುದು ಅಂತ ನಾವು ಅಲ್ಲೇ ಕತ್ತಲಾಗುವವರೆಗೆ ಮಾತಾಡಿದೆವು. ಒಂದು ಪದ ಕಲಿಯಲು ಹೋಗಿ ನಮ್ಮ ಊರಿನ ಕಲ್ಲನ್ನು ಮೊದಲ ಸಲ ಸರಿಯಾಗಿ ನೋಡಿ ಬಂದೆ.

ಆಮೇಲೆ ಕೈಯಲ್ಲಿ ಹಿಡಿಯಲಾಗದ ವಿಷಯಗಳಿಗೆ ಬಂದರು. ವಸ್ತುವಷ್ಟೇ ಅಲ್ಲ, ಬೆಳೆದು ಬೆಳೆದು ಹಿಡಿತ ತಪ್ಪಿದ ಯಾವುದಕ್ಕೂ ಇದು ಒಪ್ಪುತ್ತದೆ. ಮೂವತ್ತು ಜನರ ಸಮಿತಿ, ನಾಲ್ಕು ಸಾಲು ಉದ್ದದ ವಾಕ್ಯ, ನಮ್ಮ ಆಫೀಸಿನ ಸ್ಟಾಕ್ ಶೀಟ್. ‘ಅವರ್ ಸ್ಟಾಕ್ ಶೀಟ್ ಹ್ಯಾಸ್ ಬಿಕಮ್ ಅನ್‌ವೀಲ್ಡಿ’ ಅಂತ ನಾನೇ ವಾಕ್ಯ ಮಾಡಿದೆ. ಇಂಥ ಕಡೆ ‘ಬಿಕಮ್’ ಅಥವಾ ‘ಗ್ರೋ’ ಜೊತೆ ಬಂದರೆ ಚೆನ್ನಾಗಿ ಕೇಳುತ್ತದೆ. ಹೇಳಿದ ಮಾತು ಕೇಳದ ಹುಡುಗನಿಗೆ ಇದು ಬೇಡ, ಅವನು ‘ಅನ್‌ರೂಲಿ’. ಸುಮ್ನೆ ಜಾಗ ಜಾಸ್ತಿ ತಿನ್ನುವುದು ‘ಬಲ್ಕಿ’. ‘ಕಂಬರ್‌ಸಮ್’ ಇದಕ್ಕೆ ತೀರಾ ಹತ್ತಿರದ ಪದ, ಬಹಳ ಕಡೆ ಒಂದರ ಬದಲು ಇನ್ನೊಂದು ನಡೆಯುತ್ತದೆ. ಆದರೆ ಹತ್ತು ಫಾರ್ಮು, ಐದು ಸಹಿ ಬೇಕಾದ ಕೆಲಸಕ್ಕೆ ಕಂಬರ್‌ಸಮ್ ಹೆಚ್ಚು ಒಪ್ಪುತ್ತದೆ.

ಸ್ಪೆಲಿಂಗ್‌ನಲ್ಲಿ ಐ ಮೊದಲು, ಇ ಆಮೇಲೆ. ಕೊನೆಗೆ ಇನ್ನೊಂದು ಎಲ್ ಸೇರಿಸಿ ‘ಅನ್‌ವೀಲ್ಡ್ಲಿ’ ಮಾಡುವ ತಪ್ಪು ಬಹಳ ಜನ ಮಾಡುತ್ತಾರೆ, ನಮ್ಮ ಬ್ಯಾಚಿನಲ್ಲೂ ಅರ್ಧ ಜನ ಮಾಡಿದರು. ಈ ಪದಕ್ಕೆ ಮೊದಲು ‘ಎ’ ಅಲ್ಲ, ‘ಆ್ಯನ್’ ಬರಬೇಕು.

ಕೊರತೆಗಳೂ ಇವೆ, ಅವನ್ನೂ ಹೇಳಿಬಿಡುತ್ತೇನೆ. ಹೀಗೆ ಕಲಿಸಿದರೆ ಪಾಠ ನಿಧಾನ ಸಾಗುತ್ತದೆ. ಮುಂದಿನ ತಿಂಗಳೇ ಪರೀಕ್ಷೆ ಇರುವವರಿಗೆ ಇದು ಆಗಿಬರುವುದಿಲ್ಲ. ಬರೆದುಕೊಟ್ಟ ಹೋಂವರ್ಕ್ ವಾಪಸ್ ಬರಲು ಕೆಲವು ಸಲ ಹತ್ತು ದಿನ ಆಗುತ್ತದೆ. ಮಹಡಿ ಕೋಣೆಗೆ ಒಂದೇ ಫ್ಯಾನು, ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಸೆಕೆಗೆ ಅದು ಸಾಲುವುದೇ ಇಲ್ಲ. ನಾನು ಸೇರಿದಾಗ 14 ಜನ ಇದ್ದೆವು, ಈಗ 26. ಒಬ್ಬೊಬ್ಬರಿಗೂ ಮಾತಾಡಲು ಮೊದಲಿನಷ್ಟು ಹೊತ್ತು ಸಿಗುತ್ತಿಲ್ಲ. ಬ್ಯಾಚು ಅನ್‌ವೀಲ್ಡಿ ಆಗುತ್ತಿದೆ ಅಂತ ಮೇಡಂಗೇ ನೇರವಾಗಿ ಹೇಳಿದೆ. ಅವರು ಒಪ್ಪಿಕೊಂಡರು, ಮುಂದಿನ ತಿಂಗಳಿಂದ ಎರಡು ಬ್ಯಾಚ್ ಮಾಡುತ್ತಾರಂತೆ.

ಹೋದ ವಾರ ಅದೇ ಖರೀದಿದಾರರಿಗೆ ಸಡಿಲ ಹತ್ತಿಯ ಅಂಡಿಗೆಗಳ ಬಗ್ಗೆ ಬರೆಯಬೇಕಾಗಿ ಬಂತು. ‘ನಾಟ್ ಹೆವಿ, ಬಟ್ ಅನ್‌ವೀಲ್ಡಿ’ ಅಂತ ಬರೆದೆ. ಈ ಸಲ ಫೋನ್ ಬರಲಿಲ್ಲ. ಇಳಿಸಲು ಇಬ್ಬರು ಹಮಾಲರನ್ನು ಜಾಸ್ತಿ ಇಡುತ್ತೇವೆ ಅಂತ ಒಂದು ಸಾಲಿನ ಉತ್ತರ ಬಂತು.