ಒಂದೇ ರೆಸ್ಯೂಮೆ, ಮೂರು ವಿಧಾನ: ಎರಡು ಕಾಲಂ ಟೆಂಪ್ಲೇಟ್, ಲೇಟೆಕ್, ವರ್ಡ್

ಸಾಫ್ಟ್‌ವೇರ್ ಹುದ್ದೆಗೆ ಕಂಪನಿಯ ಜಾಲತಾಣದಲ್ಲಿ ಅರ್ಜಿ ಹಾಕಿದಾಗ ರೆಸ್ಯೂಮೆ ಸಾಮಾನ್ಯವಾಗಿ ಮೊದಲು ಸೇರುವುದು ಎಟಿಎಸ್ ಎಂಬ ತಂತ್ರಾಂಶಕ್ಕೆ. ಅದು ಕಡತದೊಳಗಿನ ಪಠ್ಯವನ್ನು ಹೊರತೆಗೆದು ಹೆಸರು, ಅನುಭವ, ಕೌಶಲ ಎಂದು ವಿಂಗಡಿಸುತ್ತದೆ. ನೇಮಕಾತಿ ವಿಭಾಗದವರು ಹುಡುಕುವುದು ಆ ವಿಂಗಡಿಸಿದ ಪಠ್ಯದಲ್ಲಿ. ಆದ್ದರಿಂದ ಒಂದೇ ವಿವರಗಳನ್ನು ಮೂರು ವಿಧಾನಗಳಲ್ಲಿ ಸಿದ್ಧಪಡಿಸಿ, ಪ್ರತಿಯೊಂದು ಪಿಡಿಎಫ್‌ನ ಪಠ್ಯವನ್ನು ನೋಟ್‌ಪ್ಯಾಡ್‌ಗೆ ನಕಲಿಸಿ ಓದಿ ನೋಡಿದೆ.

ವಿನ್ಯಾಸ ತಾಣವೊಂದರ ಎರಡು ಕಾಲಂಗಳ ಟೆಂಪ್ಲೇಟ್ ಕಣ್ಣಿಗೆ ಎಲ್ಲಕ್ಕಿಂತ ಅಂದವಾಗಿತ್ತು. ನೋಟ್‌ಪ್ಯಾಡ್‌ನಲ್ಲಿ ಮಾತ್ರ ಎಡಗಡೆಯ ಕೌಶಲಗಳ ಪಟ್ಟಿ ಬಲಗಡೆಯ ಕೆಲಸದ ವಿವರಗಳ ನಡುವೆ ನುಸುಳಿತ್ತು, ಫೋನಿನ ಚಿಹ್ನೆ ಅರ್ಥವಿಲ್ಲದ ಅಕ್ಷರವಾಗಿತ್ತು, ಜಾವಾ ಎದುರಿಗೆ ಪರಿಣತಿಯ ಮಟ್ಟ ತೋರಿಸುತ್ತಿದ್ದ ನಾಲ್ಕು ಚುಕ್ಕಿಗಳು ಕಾಣೆಯಾಗಿದ್ದವು. ಇದಕ್ಕಿಂತ ದೊಡ್ಡ ನಷ್ಟ ಬರವಣಿಗೆಯಲ್ಲಿ ಆಗುತ್ತದೆ. ‘ಪಾವತಿ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ’ ಎಂಬ ವಾಕ್ಯ ಕಿರಿದಾದ ಕಾಲಂನಲ್ಲಿ ಸಲೀಸಾಗಿ ಕೂರುತ್ತದೆ. ‘ಮರುಯತ್ನದ ವೇಳೆ ಗ್ರಾಹಕರ ಖಾತೆಯಿಂದ ಎರಡು ಬಾರಿ ಹಣ ಕಡಿತವಾಗದಂತೆ ಪ್ರತಿ ವಿನಂತಿಗೂ ಪ್ರತ್ಯೇಕ ಗುರುತು ನೀಡುವ ಸೇವೆಯನ್ನು ಸ್ಪ್ರಿಂಗ್ ಬೂಟ್‌ನಲ್ಲಿ ಬರೆದೆ’ ಎಂಬುದು ಅಲ್ಲಿ ಐದಾರು ಸಾಲಿಗೆ ಹಬ್ಬುತ್ತದೆ. ಜಾಗ ಉಳಿಸಲು ಅದನ್ನು ಕತ್ತರಿಸುತ್ತ ಹೋದರೆ, ಸಂದರ್ಶಕರು ಪ್ರಶ್ನೆ ಕೇಳಲು ಆಧಾರವಾಗಬೇಕಾದ ಸಂಗತಿಯೇ ಹೊರಟುಹೋಗುತ್ತದೆ. ಎಂಜಿನಿಯರ್ ಹುದ್ದೆಗೆ ಈ ವಿಧಾನವನ್ನು ನಾನು ಯಾರಿಗೂ ಸೂಚಿಸಲಾರೆ.

ಡೊನಾಲ್ಡ್ ಕ್ನೂತ್ ಅವರ ಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶದ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ ಲೇಟೆಕ್ ಅನ್ನು (ಆಜ್ಞೆಗಳೊಂದಿಗೆ ಬರೆದ ಪಠ್ಯವನ್ನು ಇದು ಪುಟವಾಗಿ ಜೋಡಿಸುತ್ತದೆ) ಈಗ ಓವರ್‌ಲೀಫ್ ಎಂಬ ಜಾಲತಾಣದಲ್ಲಿ, ಏನನ್ನೂ ಇನ್‌ಸ್ಟಾಲ್ ಮಾಡದೆ, ಬ್ರೌಸರ್‌ನಲ್ಲೇ ಬಳಸಬಹುದು. ಒಂದೇ ಕಾಲಂನ ಟೆಂಪ್ಲೇಟ್ ಆರಿಸಿಕೊಂಡರೆ ದಿನಾಂಕಗಳು ತಾವಾಗಿ ಬಲ ಅಂಚಿಗೆ ಸರಿಯಾಗಿ ನಿಲ್ಲುತ್ತವೆ, ಉದ್ದದ ವಾಕ್ಯವೂ ಎರಡು ಸಾಲಿನಲ್ಲಿ ಮುಗಿಯುತ್ತದೆ. ಮೂಲವು ಬರಿಯ ಪಠ್ಯವಾದ್ದರಿಂದ ಬ್ಯಾಕೆಂಡ್ ಹುದ್ದೆಗೊಂದು, ಡೇಟಾ ಎಂಜಿನಿಯರಿಂಗ್‌ಗೊಂದು ಆವೃತ್ತಿಯನ್ನು, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟುಕೊಳ್ಳಬಹುದು. ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು: ಇಂಗ್ಲಿಷಿನ ‘ಎಫ್’ ಮತ್ತು ‘ಐ’ ಜೋಡಿಯನ್ನು ಲೇಟೆಕ್ ಒಂದೇ ಅಚ್ಚಾಗಿ ಬೆಸೆಯುವುದರಿಂದ, ಕಾನ್ಫಿಗರೇಶನ್, ಪ್ರೊಫೈಲಿಂಗ್‌ನಂತಹ ಪದಗಳು ನಕಲಿಸುವಾಗ ಕೆಡುವುದುಂಟು. ಅಚ್ಚುಗಳನ್ನು ಮೂಲ ಅಕ್ಷರಗಳಿಗೆ ಹೊಂದಿಸುವ ಗ್ಲಿಫ್‌ಟುಯೂನಿಕೋಡ್ ಕಡತವನ್ನು ಸೇರಿಸಿ ಅದರ ಆಜ್ಞೆಯನ್ನು ಸಕ್ರಿಯಗೊಳಿಸಿದರೆ ಇದು ಸರಿಹೋಗುತ್ತದೆ.

ವರ್ಡ್‌ನಲ್ಲಿ ಸಾಮಾನ್ಯವಾಗಿ ಈ ತೊಡಕಿಲ್ಲ. ದಿನಾಂಕಗಳನ್ನು ಸ್ಪೇಸ್ ಒತ್ತಿ ತಳ್ಳುವ ಬದಲು ಬಲಬದಿಯ ಟ್ಯಾಬ್‌ನಿಂದ ಹೊಂದಿಸಬೇಕು. ಕೆಲವು ಎಟಿಎಸ್‌ಗಳು ಹೆಡರ್ ಭಾಗವನ್ನು ಓದದಿರುವುದರಿಂದ ಫೋನ್ ಸಂಖ್ಯೆ ಮತ್ತು ಇಮೇಲ್ ಅನ್ನು ಪುಟದ ಮುಖ್ಯ ಭಾಗದಲ್ಲೇ ಬರೆಯಬೇಕು. ಬೆಂಗಳೂರಿನ ಹಲವು ಕನ್ಸಲ್ಟೆನ್ಸಿಗಳು ತಮ್ಮ ನಮೂನೆಗೆ ಹೊಂದಿಸಿಕೊಳ್ಳಲು ವರ್ಡ್ ಕಡತವನ್ನೇ ಕೇಳುವುದರಿಂದ, ಅವರ ಮೂಲಕ ಕೆಲಸ ಹುಡುಕುವವರಿಗೆ ಇದು ಅನಿವಾರ್ಯವೂ ಹೌದು.

ಕ್ಯಾಂಪಸ್‌ನಿಂದ ಈಗಷ್ಟೇ ಹೊರಬಂದವರಿಗೆ ವರ್ಡ್‌ನ ಒಂದು ಕಾಲಂ, ಒಂದು ಪುಟ ಸಾಕು. ಲೇಟೆಕ್ ಕಲಿಯಲು ಹೋಗುವ ಸಂಜೆಗಳನ್ನು ಪ್ರಾಜೆಕ್ಟ್ ವಿವರಗಳನ್ನು ತಿದ್ದಲು ಕೊಡುವುದು ಮೇಲು. ಅನುಭವ ಬೆಳೆದು ಹುದ್ದೆಗೊಂದು ಆವೃತ್ತಿ ಬೇಕಾದವರಿಗೆ ಲೇಟೆಕ್ ಒಪ್ಪುತ್ತದೆ. ನನ್ನ ಮೂಲಪ್ರತಿ ಈಗ ಅದರಲ್ಲೇ ಇದೆ. ಕನ್ಸಲ್ಟೆನ್ಸಿಗಳಿಗಾಗಿ ವರ್ಡ್‌ನ ಒಂದು ಪ್ರತಿಯನ್ನು ಬೇರೆಯಾಗಿ ಇಟ್ಟುಕೊಂಡಿದ್ದೇನೆ.