ವರ್ಡ್‌ಪ್ರೆಸ್: ಐದು ನಿಮಿಷದಲ್ಲಿ ಕಟ್ಟಿದ ಸೈಟು, ಐದು ವರ್ಷದ ಬಳಕೆಯ ನಂತರ

ವೆಬ್‌ಸೈಟು ಕಟ್ಟಿ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಹಾಕಿಕೊಳ್ಳಲು ಐದು ನಿಮಿಷ ಸಾಕು ಎಂದು ಅದನ್ನು ಮಾಡಿದವರೇ ಹೇಳಿಕೊಂಡು ಬಂದಿದ್ದಾರೆ. ಸುಳ್ಳಲ್ಲ. ಈಗಂತೂ ಹೋಸ್ಟಿಂಗ್‌ನ (ಸೈಟು ಇಡಲು ಬಾಡಿಗೆಗೆ ಪಡೆದ ಸರ್ವರ್ ಜಾಗದ) ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು ಬಟನ್ ಒತ್ತಿದರೆ ಎರಡೇ ನಿಮಿಷ. ಆದರೆ ಆ ಅವಸರದಲ್ಲಿ ನೋಡದೆ ದಾಟಿಬಿಟ್ಟ ನಾಲ್ಕೈದು ಆಯ್ಕೆಗಳು ವರ್ಷ ಕಳೆದಂತೆ ಒಂದೊಂದಾಗಿ ಎದುರು ಬಂದು ನಿಲ್ಲುತ್ತವೆ. ಹೊಸದಾಗಿ ಸೈಟು ಕಟ್ಟುವವರಿಗೆ ಹೇಳಬೇಕಾದದ್ದು ಹೆಚ್ಚಾಗಿ ಅವುಗಳ ಬಗ್ಗೆಯೇ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ವರ್ಡ್‌ಪ್ರೆಸ್ ಡಾಟ್ ಕಾಮ್ ಒಂದು ಕಂಪನಿಯ ಸೇವೆ. ಸರ್ವರ್ ಅವರದು, ಮಿತಿಗಳೂ ಅವರವು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ಉಚಿತ ತಂತ್ರಾಂಶ. ಅದನ್ನು ನಾವೇ ಹೋಸ್ಟಿಂಗ್ ಕೊಂಡು ಹಾಕಿಕೊಳ್ಳಬೇಕು. ಈ ವಿಮರ್ಶೆ ಎರಡನೆಯದರದು. 2003ರ ಮೇ ತಿಂಗಳಲ್ಲಿ ಮೊದಲ ಆವೃತ್ತಿ ಬಂದ ತಂತ್ರಾಂಶ ಇದು. ಇಷ್ಟು ಹಳೆಯದಾದ್ದರಿಂದ ದೊಡ್ಡ ಲಾಭವೊಂದಿದೆ: ಪರದೆಯ ಮೇಲೆ ಯಾವ ದೋಷ ಸಂದೇಶ ಕಂಡರೂ ಅದು ಬೇರೆ ಯಾರಿಗೋ ಮೊದಲೇ ಕಂಡಿರುತ್ತದೆ, ಪರಿಹಾರವೂ ಎಲ್ಲೋ ಸಿಗುತ್ತದೆ.

ಡೊಮೇನ್

ಸೈಟಿನಲ್ಲಿ ಕೊನೆಯವರೆಗೂ ಉಳಿಯುವುದು ಹೆಸರು, ಅಂದರೆ ಡೊಮೇನ್, ಒಂದೇ. ಥೀಮ್ (ಸೈಟಿನ ವಿನ್ಯಾಸ), ಹೋಸ್ಟಿಂಗ್, ತಂತ್ರಾಂಶ ಎಲ್ಲವನ್ನೂ ಬದಲಿಸಬಹುದು. ಹಾಗಾಗಿ ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇರುವುದು ಒಳ್ಳೆಯದು. ಹೋಸ್ಟಿಂಗ್ ಜೊತೆ 'ಉಚಿತ'ವಾಗಿ ಬರುವ ಡೊಮೇನು ಹೋಸ್ಟಿಂಗ್ ಬಿಡುವ ದಿನ ತೊಡಕಾಗುತ್ತದೆ. ಸೈಟು ಕಟ್ಟಿಕೊಡುವವರು ಬೇರೆ ಯಾರೇ ಆಗಿರಲಿ, ನೋಂದಣಿ ಮಾತ್ರ ಸೈಟಿನ ಒಡೆಯರ ಹೆಸರಲ್ಲಿ, ಅವರದೇ ಖಾತೆಯಲ್ಲಿ ಇರಬೇಕು. ನೋಂದಣಿಗೆ ಕೊಡುವ ಇಮೇಲ್ ಅದೇ ಡೊಮೇನಿನದಾಗಿರಬಾರದು. ಡೊಮೇನ್ ಅವಧಿ ಮುಗಿದರೆ ಆ ಇಮೇಲೂ ನಿಲ್ಲುತ್ತದೆ; 'ನವೀಕರಿಸಿ' ಎಂಬ ಪತ್ರ ಬರುವುದು ನಿಂತುಹೋದ ಪೆಟ್ಟಿಗೆಗೆ!

ಡಾಟ್ ಕಾಮ್, ಡಾಟ್ ಆರ್ಗ್‌ನಂಥ ಸಾಮಾನ್ಯ ಡೊಮೇನ್‌ಗಳಲ್ಲಿ ನೋಂದಾಯಿಸಿದ ಮೇಲೆ ಇಮೇಲ್ ದೃಢೀಕರಿಸಲು 15 ದಿನ ಗಡುವಿರುತ್ತದೆ. ಆ ಪತ್ರ ಸ್ಪ್ಯಾಮ್‌ನಲ್ಲಿ ಬಿದ್ದಿದ್ದು ಗಮನಕ್ಕೆ ಬಾರದೆ, ಸೈಟು ಎರಡು ವಾರ ಚೆನ್ನಾಗಿ ನಡೆದು ಹದಿನಾರನೆಯ ದಿನ ಮಾಯವಾಗುವುದು ಹೊಸಬರಿಗೆ ಆಗುವ ಮಾಮೂಲಿ ಅನಾಹುತ. ನವೀಕರಣ ತಪ್ಪಿ ಡೊಮೇನ್ ಅಳಿಸುವ ಹಂತಕ್ಕೆ ಹೋದರೆ ಮೊದಲು 30 ದಿನ ಹೆಚ್ಚುವರಿ ಶುಲ್ಕ ಕೊಟ್ಟು ಬಿಡಿಸಿಕೊಳ್ಳುವ ಅವಕಾಶ. ಆಮೇಲಿನ 5 ದಿನ ಯಾರೂ ಏನೂ ಮಾಡಲಾಗದು. ನಂತರ ಯಾರು ಬೇಕಾದರೂ ಕೊಳ್ಳಬಹುದು.

ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಡಿಎನ್ಎಸ್‌ನಲ್ಲಿ ಸೈಟು ತೆರೆಯಲು ಬೇಕಾದದ್ದು ಎರಡೇ: ಬರಿಯ ಹೆಸರಿಗೆ ಸರ್ವರಿನ ಐಪಿ ವಿಳಾಸ ತೋರಿಸುವ ಎ ರೆಕಾರ್ಡ್, ಡಬ್ಲ್ಯುಡಬ್ಲ್ಯುಡಬ್ಲ್ಯು ಸೇರಿದ ಹೆಸರನ್ನು ಬರಿಯ ಹೆಸರಿಗೆ ಜೋಡಿಸುವ ಸಿನೇಮ್ ರೆಕಾರ್ಡ್. ಎರಡರಲ್ಲಿ ಒಂದನ್ನು ಮುಖ್ಯ ಎಂದು ಆರಿಸಿ, ಇನ್ನೊಂದನ್ನು 301 ರೀಡೈರೆಕ್ಟ್‌ನಿಂದ (ಶಾಶ್ವತ ತಿರುವಿನಿಂದ) ಅದಕ್ಕೇ ತಿರುಗಿಸಬೇಕು. ಮುಂದೆ ಸರ್ವರ್ ಬದಲಿಸುವುದಿದ್ದರೆ ಹಿಂದಿನ ದಿನವೇ ಟಿಟಿಎಲ್ (ಹಳೆಯ ವಿಳಾಸವನ್ನು ಎಷ್ಟು ಹೊತ್ತು ನೆನಪಿಡಬಹುದು ಎಂಬ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿಡಿ. ಈ ರೆಕಾರ್ಡ್‌ಗಳನ್ನು ಇಟ್ಟುಕೊಳ್ಳುವ ನೇಮ್‌ಸರ್ವರನ್ನೇ ಬದಲಿಸುವಾಗ ಹಳೆಯ ಕಡೆಯ, ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್‌ಗಳನ್ನು ಹೊಸ ಕಡೆಗೆ ನಕಲು ಮಾಡಲು ಮರೆತರೆ ಸೈಟು ಸರಿಯಾಗಿ ತೆರೆದುಕೊಳ್ಳುತ್ತದೆ, ಇಮೇಲ್ ಮಾತ್ರ ಸದ್ದಿಲ್ಲದೆ ನಿಲ್ಲುತ್ತದೆ.

ಹೋಸ್ಟಿಂಗ್ ಆರಿಸುವಾಗ

ಹೊಸ ಸೈಟಿಗೆ ಶೇರ್ಡ್ ಹೋಸ್ಟಿಂಗ್ (ಹಲವು ಸೈಟುಗಳು ಒಂದೇ ಸರ್ವರ್ ಹಂಚಿಕೊಳ್ಳುವುದು) ಧಾರಾಳವಾಗಿ ಸಾಕು. ವರ್ಡ್‌ಪ್ರೆಸ್ ಓಡುವ ಭಾಷೆಯಾದ ಪಿಎಚ್‌ಪಿ 8.3 ಅಥವಾ ಅದಕ್ಕಿಂತ ಹೊಸದು, ಡೇಟಾಬೇಸಿಗೆ ಮೈಎಸ್‌ಕ್ಯೂಎಲ್ 8.0 ಇಲ್ಲವೇ ಮರಿಯಾಡಿಬಿ 10.6, ಸಂಪರ್ಕವನ್ನು ಸುರಕ್ಷಿತಗೊಳಿಸುವ ಉಚಿತ ಎಸ್‌ಎಸ್‌ಎಲ್, ಪಿಎಚ್‌ಪಿ ಆವೃತ್ತಿಯನ್ನು ನಾವೇ ಬದಲಿಸುವ ಅನುಕೂಲ ಇದ್ದರೆ ಆಯಿತು. ಜಾಹೀರಾತಿನ 'ಅನಿಯಮಿತ ಜಾಗ' ನಂಬುವಂಥದ್ದಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಐನೋಡ್ ಮಿತಿ, ಅಂದರೆ ಎಷ್ಟು ಫೈಲುಗಳನ್ನು ಇಡಬಹುದು ಎಂಬ ಲೆಕ್ಕ ಇರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಬೇಗ ತುಂಬುವುದು ಇದೇ. ಕ್ಯಾಮೆರಾದಿಂದ ಬಂದ ಒಂದು ದೊಡ್ಡ ಜೆಪೆಗ್ ಚಿತ್ರ ಏರಿಸಿದರೆ ಮೂಲದ ಜೊತೆಗೆ 2560 ಪಿಕ್ಸೆಲ್‌ಗೆ ಇಳಿಸಿದ್ದೊಂದು, ಮೇಲೆ 150, 300, 768, 1024, 1536, 2048ರ ಅಳತೆಗಳು: ಒಟ್ಟು ಎಂಟು ಫೈಲು. ಥೀಮ್ ತನ್ನದೇ ಅಳತೆ ಸೇರಿಸಿದರೆ ಇನ್ನೂ ಹೆಚ್ಚು. ಸಾವಿರ ಚಿತ್ರಕ್ಕೆ ಎಂಟು ಸಾವಿರ ಫೈಲು. ಡಿಸ್ಕ್ ಅರ್ಧ ಖಾಲಿ ಇದ್ದರೂ 'ಜಾಗವಿಲ್ಲ' ಎಂದು ಬರುವುದು ಹೀಗೆ. ಚಿತ್ರವನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ರೂಪಕ್ಕೆ ಬದಲಿಸಿ ಏರಿಸಿದರೆ ಫೈಲೂ ಕಡಿಮೆ, ಪುಟವೂ ಹಗುರ.

ಹಾಕಿದ ಮೊದಲ ಗಂಟೆ

ಬಳಕೆದಾರರ ಹೆಸರು 'ಅಡ್ಮಿನ್' ಎಂದು ಇಡಬೇಡಿ. ಲಾಗಿನ್ ಪುಟವನ್ನು ಬಡಿಯುವ ಬಾಟ್‌ಗಳು ಮೊದಲು ಪ್ರಯತ್ನಿಸುವುದೇ ಅದನ್ನು. ಸಮಯ ವಲಯ ಸರಿಪಡಿಸಿ. ಮಾದರಿ ಲೇಖನ, ಮಾದರಿ ಪುಟ ಅಳಿಸಿ. ಕಟ್ಟುವಷ್ಟು ದಿನ ಸರ್ಚ್ ಎಂಜಿನ್‌ಗಳನ್ನು ದೂರ ಇಡುವ ಟಿಕ್ ಗುರುತು ರೀಡಿಂಗ್ ಸೆಟ್ಟಿಂಗ್‌ನಲ್ಲಿದೆ, ಹಾಕಿಕೊಳ್ಳಬಹುದು. ಪ್ರಕಟಿಸುವ ದಿನ ತೆಗೆಯಲು ಮರೆತು, ಆರು ತಿಂಗಳಾದರೂ ಗೂಗಲ್‌ನಲ್ಲಿ ಯಾಕೆ ಬರುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರ ಸಂಖ್ಯೆ ದೊಡ್ಡದು. ಬೇರೆಲ್ಲ ಕಾರಣ ಹುಡುಕುವ ಮೊದಲು ಅದನ್ನೊಮ್ಮೆ ನೋಡಿ.

ಪರ್ಮಾಲಿಂಕ್, ಅಂದರೆ ಲೇಖನದ ಕಾಯಂ ವಿಳಾಸ, ಮಾತ್ರ ನಿಂತು ಯೋಚಿಸಬೇಕಾದ ವಿಷಯ. ಹೊಸದಾಗಿ ಹಾಕಿದಾಗ ಲೇಖನದ ವಿಳಾಸದಲ್ಲಿ ವರ್ಷ, ತಿಂಗಳು, ದಿನ ಎಲ್ಲ ಸೇರಿಕೊಂಡಿರುತ್ತದೆ. ಅದನ್ನು 'ಪೋಸ್ಟ್ ನೇಮ್' ಮಾಡಿಬಿಡಿ. ನೂರು ಲೇಖನ ಆದ ಮೇಲೆ ಬದಲಿಸಿದರೆ ಹೊರಗಿನವರು ಕೊಟ್ಟ ಹಳೆಯ ಲಿಂಕುಗಳಲ್ಲಿ ಹಲವನ್ನು ವರ್ಡ್‌ಪ್ರೆಸ್ ಊಹಿಸಿ ತಿರುಗಿಸುತ್ತದೆ, ಎಲ್ಲವನ್ನೂ ಅಲ್ಲ. ಬದಲಿಸಿದ ಮೇಲೆ ಮುಖಪುಟ ಬಿಟ್ಟು ಉಳಿದದ್ದೆಲ್ಲ 404 (ಪುಟ ಸಿಗಲಿಲ್ಲ) ಎಂದರೆ ತಪ್ಪು ಲೇಖನಗಳದ್ದಲ್ಲ: ಅಪಾಚೆ ಸರ್ವರಾದರೆ ವಿಳಾಸದ ನಿಯಮಗಳಿರುವ ಎಚ್‌ಟಿಆಕ್ಸೆಸ್ ಫೈಲಿಗೆ ಬರೆಯಲು ಅನುಮತಿ ಇಲ್ಲ, ಎಂಜಿನ್‌ಎಕ್ಸ್ ಆದರೆ ಅದರ ಸಂರಚನೆಯಲ್ಲಿ ಟ್ರೈ-ಫೈಲ್ಸ್ ಸಾಲು ಇಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಬಲೆ ಇದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ವಿಳಾಸದ ತುಣುಕೂ ಕನ್ನಡದಲ್ಲೇ ಆಗುತ್ತದೆ, ಆದರೆ ಡೇಟಾಬೇಸಿನಲ್ಲಿ ಅದು ಕೂರುವುದು ಶೇಕಡಾ ಚಿಹ್ನೆಗಳ ಸಂಕೇತವಾಗಿ, ಒಂದೊಂದು ಯೂನಿಕೋಡ್ ಅಕ್ಷರಕ್ಕೆ ಒಂಬತ್ತು ಸ್ಥಾನ ತಿಂದು. ಇರುವ ಜಾಗ 200 ಸ್ಥಾನ. ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆ ಲೆಕ್ಕ. 'ಕಾರ್ಯಕ್ರಮ' ಎಂಬ ಒಂದೇ ಪದ 81 ಸ್ಥಾನ ನುಂಗುತ್ತದೆ. ಹಾಗಾಗಿ ಸುಮಾರು 22 ಯೂನಿಕೋಡ್ ಅಕ್ಷರ ದಾಟಿದ ಶೀರ್ಷಿಕೆಯ ವಿಳಾಸ ನಡುವೆಯೇ ಕತ್ತರಿಸಿಹೋಗುತ್ತದೆ; ಒಂದೇ ರೀತಿ ಶುರುವಾಗುವ ಸರಣಿ ಲೇಖನಗಳ ವಿಳಾಸದಲ್ಲಿ ಕೊನೆಯ ಅಂಕೆ ಬಿಟ್ಟು ವ್ಯತ್ಯಾಸವೇ ಉಳಿಯುವುದಿಲ್ಲ. ಪ್ರಕಟಿಸುವ ಮೊದಲು ಸ್ಲಗ್ (ವಿಳಾಸದ ತುಣುಕಿನ) ಜಾಗದಲ್ಲಿ ಮೂರು ನಾಲ್ಕು ಪದಗಳನ್ನು ರೋಮನ್ ಲಿಪಿಯಲ್ಲಿ ಕೈಯಾರೆ ಹಾಕುವುದೇ ಸರಿಯಾದ ಅಭ್ಯಾಸ. ಫಾಂಟಿನ ವಿಷಯದಲ್ಲೂ ಅಷ್ಟೆ, ಹೆಚ್ಚಿನ ಥೀಮ್‌ಗಳ ಸಾಲಿನ ಅಂತರ ರೋಮನ್ ಲಿಪಿಗೆ ಹೊಂದಿಸಿದ್ದು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಅದನ್ನು ಅಕ್ಷರದ ಅಳತೆಯ 1.7 ಅಥವಾ 1.8 ಪಟ್ಟಿಗೆ ಏರಿಸಿದರೆ ಓದಲು ಹಿತ. ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟನ್ನು 6.5ನೇ ಆವೃತ್ತಿಯಿಂದ ಬಂದಿರುವ ಫಾಂಟ್ ಲೈಬ್ರರಿಯ ಮೂಲಕ ಸೈಟಿನ ಸರ್ವರಿಗೇ ಇಳಿಸಿಕೊಳ್ಳಬಹುದು.

ಥೀಮ್ ಮತ್ತು ಪೇಜ್ ಬಿಲ್ಡರ್

2018ರ ಡಿಸೆಂಬರಿನಲ್ಲಿ 5.0 ಜೊತೆ ಪುಟವನ್ನು ತುಂಡು ತುಂಡಾಗಿ ಜೋಡಿಸುವ ಬ್ಲಾಕ್ ಎಡಿಟರ್ ಬಂದಾಗ ಬೈದವರೇ ಹೆಚ್ಚು, ಮೊದಲ ಒಂದೆರಡು ವರ್ಷ ಬೈಗುಳಕ್ಕೆ ಕಾರಣವೂ ಇತ್ತು. ಈಗ ಹೊಸ ಸೈಟಿಗೆ ಬೇರೆ ಪೇಜ್ ಬಿಲ್ಡರ್ (ಪುಟ ವಿನ್ಯಾಸ ಮಾಡುವ ಪ್ರತ್ಯೇಕ ಉಪಕರಣ) ಬೇಕೆನಿಸುವುದಿಲ್ಲ. ಬ್ಲಾಕ್ ಎಡಿಟರ್ ಬರೆದದ್ದನ್ನು ಸಾಮಾನ್ಯ ಎಚ್‌ಟಿಎಂಎಲ್ ಆಗಿಯೇ ಉಳಿಸುತ್ತದೆ. ನಾಳೆ ಥೀಮ್ ಬದಲಿಸಿದರೂ ಲೇಖನ ಓದಲು ಸಿಗುತ್ತದೆ. ಕೆಲವು ಪೇಜ್ ಬಿಲ್ಡರ್‌ಗಳನ್ನು ತೆಗೆದುಹಾಕಿದ ದಿನ ಪುಟದ ತುಂಬ ಚೌಕ ಆವರಣದ ಸಂಕೇತಗಳು (ಶಾರ್ಟ್‌ಕೋಡ್‌ಗಳು) ಉಳಿಯುತ್ತವೆ, ಅದನ್ನು ಶುಚಿ ಮಾಡುವುದಕ್ಕಿಂತ ಪುಟವನ್ನೇ ಮತ್ತೆ ಬರೆಯುವುದು ಸುಲಭ.

ಇಡೀ ಸೈಟನ್ನೇ ಬ್ಲಾಕ್‌ಗಳಿಂದ ಕಟ್ಟುವ ಬ್ಲಾಕ್ ಥೀಮ್‌ನಲ್ಲಿ ಒಂದು ವಿಚಿತ್ರ ತಿಳಿದಿರಲಿ. ಸೈಟ್ ಎಡಿಟರಿನಲ್ಲಿ ಮಾಡಿದ ಬದಲಾವಣೆ ಡೇಟಾಬೇಸಿಗೆ ಹೋಗುತ್ತದೆ, ಥೀಮ್ ಫೈಲಿಗಲ್ಲ. ಥೀಮ್ ಅಪ್‌ಡೇಟ್ ಆದರೂ ಅಳಿಯುವುದಿಲ್ಲ, ಸಂತೋಷ. ಆದರೆ ಆಮೇಲೆ ಯಾರಾದರೂ ಥೀಮ್ ಫೈಲನ್ನು ತಿದ್ದಿದರೆ ಅದು ಸೈಟಿನಲ್ಲಿ ಕಾಣಿಸುವುದೇ ಇಲ್ಲ, ಡೇಟಾಬೇಸಿನ ಪ್ರತಿಯೇ ಮೇಲುಗೈ. ಹಳೆಯ ಬಗೆಯ ಥೀಮ್‌ನಲ್ಲಿ ಇದರ ತಿರುವುಮುರುವು: ಫೈಲು ತಿದ್ದಿದರೆ ಕಾಣುತ್ತದೆ, ಮುಂದಿನ ಅಪ್‌ಡೇಟಿಗೆ ಅಳಿಸಿಹೋಗುತ್ತದೆ. ಅದಕ್ಕೆ ತಿದ್ದುಪಡಿಗಳನ್ನು ಬೇರೆಯಾಗಿ ಇಡುವ ಚೈಲ್ಡ್ ಥೀಮ್ ಬೇಕು.

ಪ್ಲಗಿನ್

ಹೆಚ್ಚುವರಿ ಸೌಲಭ್ಯ ಸೇರಿಸುವ ಪ್ಲಗಿನ್‌ಗಳು ಎಷ್ಟು ಇರಬಹುದು ಎಂಬ ಪ್ರಶ್ನೆಗೆ ಸಂಖ್ಯೆಯ ಉತ್ತರ ಇಲ್ಲ. ಹಗುರವಾದ ಹದಿನೈದು ಇದ್ದೂ ಸೈಟು ಚುರುಕಾಗಿರಬಹುದು, ಭಾರದ ಒಂದೇ ಸಾಕು ಕುಂಟಿಸಲು. ಹಾಕುವ ಮೊದಲು ಕೊನೆಯ ಅಪ್‌ಡೇಟ್ ಯಾವಾಗ, ಯಾವ ಆವೃತ್ತಿಯವರೆಗೆ ಪರೀಕ್ಷಿಸಿದ್ದಾರೆ ಎಂದು ನೋಡಿ. ಅಧಿಕೃತ ಸಂಗ್ರಹದಿಂದ ತೆಗೆದುಹಾಕಲ್ಪಟ್ಟ ಪ್ಲಗಿನ್‌ಗೆ ಅಲ್ಲಿಂದ ಅಪ್‌ಡೇಟ್ ಬರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ 'ಅಪ್‌ಡೇಟ್ ಏನೂ ಇಲ್ಲ' ಎಂಬುದು ಎಲ್ಲ ಸರಿಯಾಗಿದೆ ಎಂಬಂತೆ ಕಾಣುತ್ತದೆ. ಬಳಸದ್ದನ್ನು ನಿಷ್ಕ್ರಿಯಗೊಳಿಸಿದರೆ ಸಾಲದು, ಅಳಿಸಬೇಕು. ಫೈಲು ಸರ್ವರಿನಲ್ಲಿದ್ದರೆ ಅದರೊಳಗಿನ ತೂತೂ ಇರುತ್ತದೆ. ಸಿದ್ಧ ಪುಟಗಳನ್ನು ಉಳಿಸಿಟ್ಟು ಬೇಗ ಕೊಡುವ ಕ್ಯಾಷ್ ಪ್ಲಗಿನ್ ಎರಡು ಹಾಕಿ ಎರಡು ಪಟ್ಟು ವೇಗ ಬಯಸುವವರಿದ್ದಾರೆ. ಸಿಗುವುದು ಹಳೆಯ ಪುಟವೇ ಮತ್ತೆ ಮತ್ತೆ ಕಾಣುವ ತಲೆನೋವು.

ಪ್ರಕಟಿಸಿದ ಮೇಲೆ ಕೆಡುವುದು

ಹೆಚ್ಚು ಸದ್ದಿಲ್ಲದೆ ಕೆಡುವುದು ಇಮೇಲ್. ಸಂಪರ್ಕ ಫಾರ್ಮ್ ತುಂಬಿದವರಿಗೆ 'ಧನ್ಯವಾದ' ಎಂದು ಕಾಣುತ್ತದೆ, ಪತ್ರ ಮಾತ್ರ ಯಾರಿಗೂ ತಲುಪುವುದಿಲ್ಲ. ವರ್ಡ್‌ಪ್ರೆಸ್ ಸರ್ವರಿನ ಪಿಎಚ್‌ಪಿ ಮೂಲಕವೇ ಪತ್ರ ಕಳಿಸುತ್ತದೆ. ದೃಢೀಕರಣ ಇಲ್ಲದ ಪತ್ರವನ್ನು ದೊಡ್ಡ ಇಮೇಲ್ ಸೇವೆಗಳು ಸ್ಪ್ಯಾಮಿಗೆ ತಳ್ಳುತ್ತವೆ ಇಲ್ಲವೇ ತಿರಸ್ಕರಿಸುತ್ತವೆ. ಇಮೇಲ್ ಸೇವೆಯ ಮೂಲಕ ಪತ್ರ ಕಳಿಸುವ ಎಸ್‌ಎಂಟಿಪಿ ಪ್ಲಗಿನ್ ಹಾಕಿ, ಪತ್ರ ಅಸಲಿ ಎಂದು ತೋರಿಸುವ ಎಸ್‌ಪಿಎಫ್ ಮತ್ತು ಡಿಕಿಮ್ ರೆಕಾರ್ಡ್‌ಗಳನ್ನು ಡಿಎನ್ಎಸ್‌ನಲ್ಲಿ ಸೇರಿಸಿ, ಬೇರೆ ಕಡೆಯ ವಿಳಾಸಕ್ಕೆ ಪರೀಕ್ಷಾ ಪತ್ರ ಕಳಿಸಿ ನೋಡಿ. ಇದು ಬರೀ ಫಾರ್ಮಿನ ಮಾತಲ್ಲ. ಪ್ಲಗಿನ್ ಕೈಕೊಟ್ಟು ಸೈಟು ಬಿದ್ದರೆ 2019ರ 5.2ರಿಂದೀಚೆಗೆ ವರ್ಡ್‌ಪ್ರೆಸ್ ಒಳಹೋಗುವ ಗುಪ್ತ ಲಿಂಕನ್ನು ನಿರ್ವಾಹಕರಿಗೆ ಇಮೇಲ್ ಮಾಡುತ್ತದೆ. ಒಳ್ಳೆಯ ಸೌಲಭ್ಯ, ಇಮೇಲ್ ನಡೆಯುತ್ತಿದ್ದರೆ! ನಡೆಯದಿದ್ದರೆ ಫೈಲ್ ಮ್ಯಾನೇಜರಿನಲ್ಲಿ ಆ ಪ್ಲಗಿನ್‌ನ ಫೋಲ್ಡರ್ ಹೆಸರು ಬದಲಿಸಿ, ತಾನಾಗಿ ನಿಷ್ಕ್ರಿಯವಾಗುತ್ತದೆ.

ಅಪ್‌ಡೇಟ್ ನಡುವೆ 'ನಿರ್ವಹಣೆ ನಡೆಯುತ್ತಿದೆ' ಎಂದು ಸಿಕ್ಕಿಕೊಂಡರೆ ಗಾಬರಿ ಬೇಡ, ಹತ್ತು ನಿಮಿಷದಲ್ಲಿ ಆ ಸಂದೇಶ ತಾನೇ ಹೋಗುತ್ತದೆ. ಬೆಳಗ್ಗೆ ಆರಕ್ಕೆ ಎಂದು ಇಟ್ಟ ಲೇಖನ ಒಂಬತ್ತಕ್ಕೆ ಪ್ರಕಟವಾದರೆ ಗಡಿಯಾರದ ದೋಷವಲ್ಲ. ವರ್ಡ್‌ಪ್ರೆಸ್‌ನ ಸಮಯಪಾಲಕ ಎಚ್ಚರಗೊಳ್ಳುವುದು ಯಾರಾದರೂ ಸೈಟಿಗೆ ಬಂದಾಗ ಮಾತ್ರ. ಓದುಗರು ಕಡಿಮೆ ಇರುವ ಹೊಸ ಸೈಟಿನಲ್ಲಿ, ಮೇಲೆ ಕ್ಯಾಷ್ ಬೇರೆ ಇದ್ದರೆ, ಅದು ಮಲಗಿಯೇ ಇರುತ್ತದೆ. ಹೋಸ್ಟಿಂಗ್‌ನ ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ಕೆಲಸ ಮಾಡಿಸುವ ವ್ಯವಸ್ಥೆಯಿಂದ) ಪ್ರತಿ ಹತ್ತು ನಿಮಿಷಕ್ಕೊಮ್ಮೆ ಎಬ್ಬಿಸುವಂತೆ ಮಾಡಿದರೆ ಮುಗಿಯಿತು.

ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಉಚಿತ ಎಸ್‌ಎಸ್‌ಎಲ್ ಪ್ರಮಾಣಪತ್ರಗಳು ಅಲ್ಪಾವಧಿಯವು, ತಾವೇ ನವೀಕರಣಗೊಳ್ಳುವಂತೆ ಹೊಂದಿಸಿರಬೇಕು. ಡಿಎನ್ಎಸ್ ಬದಲಿಸಿದ ಮೇಲೆ ಆ ನವೀಕರಣ ತಪ್ಪುವುದುಂಟು, ಆಗ ಬ್ರೌಸರ್ ಓದುಗರನ್ನು ಬಾಗಿಲಲ್ಲೇ ಹೆದರಿಸುತ್ತದೆ.

ವರ್ಷ ಕಳೆದಂತೆ ಸೈಟು ಭಾರವಾಗುತ್ತದೆ. ಪ್ರತಿ ಲೇಖನದ ಹಳೆಯ ಕರಡುಗಳನ್ನು ವರ್ಡ್‌ಪ್ರೆಸ್ ಮಿತಿಯಿಲ್ಲದೆ ಉಳಿಸುತ್ತದೆ. ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿ ಹತ್ತಕ್ಕೆ ನಿಲ್ಲಿಸಬಹುದು. ಅಳಿಸಿದ ಪ್ಲಗಿನ್‌ಗಳು ಆಪ್ಷನ್ಸ್ ಕೋಷ್ಟಕದಲ್ಲಿ ಬಿಟ್ಟುಹೋದ ಕಸ ಪ್ರತಿ ಪುಟಕ್ಕೂ ಲೋಡ್ ಆಗುತ್ತಿರುತ್ತದೆ. ಹೀಗೆ ಪ್ರತಿ ಪುಟಕ್ಕೂ ಲೋಡ್ ಆಗುವುದರ ಒಟ್ಟು ಗಾತ್ರ 800 ಕೆಬಿ ದಾಟಿದರೆ ಸೈಟ್ ಹೆಲ್ತ್ ಪುಟ ಎಚ್ಚರಿಸುತ್ತದೆ.

ಬ್ಯಾಕಪ್, ಮತ್ತು ಬಿಟ್ಟು ಹೋಗುವ ದಾರಿ

ಬೇಕಾದದ್ದು ಮೂರು: ಡೇಟಾಬೇಸ್, ಡಬ್ಲ್ಯುಪಿ-ಕಂಟೆಂಟ್ ಫೋಲ್ಡರ್, ಕಾನ್ಫಿಗ್ ಫೈಲ್. ಅದೇ ಸರ್ವರಿನಲ್ಲಿಟ್ಟ ಪ್ರತಿಯನ್ನು ಬ್ಯಾಕಪ್ ಎನ್ನಲಾಗದು. ಟೂಲ್ಸ್ ಕೆಳಗಿನ ಎಕ್ಸ್‌ಪೋರ್ಟ್ ಬಟನ್ ಕೂಡ ಬ್ಯಾಕಪ್ ಅಲ್ಲ. ಅದು ಕೊಡುವ ಎಕ್ಸ್‌ಎಂಎಲ್ ಫೈಲಿನಲ್ಲಿ ಬರಹ ಇರುತ್ತದೆ, ಚಿತ್ರಗಳ ಬದಲು ಅವುಗಳ ವಿಳಾಸ ಮಾತ್ರ ಇರುತ್ತದೆ, ಥೀಮ್, ಪ್ಲಗಿನ್, ಸೆಟ್ಟಿಂಗ್ ಇರುವುದಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಸ್ವಂತ ಕಂಪ್ಯೂಟರಿನಲ್ಲಿ ಬ್ಯಾಕಪ್‌ನಿಂದ ಸೈಟನ್ನು ಎಬ್ಬಿಸಿ ನೋಡಬೇಕು.

ಡೊಮೇನ್ ಬದಲಿಸುವಾಗ ಡೇಟಾಬೇಸ್ ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಹಳೆಯ ಹೆಸರಿನ ಜಾಗದಲ್ಲಿ ಹೊಸದನ್ನು ತುಂಬುವ ಸುಲಭದ ದಾರಿ ಹಿಡಿಯಬೇಡಿ. ಕೆಲವು ಸೆಟ್ಟಿಂಗ್‌ಗಳು ಪಠ್ಯದ ಉದ್ದದ ಸಮೇತ ದಾಖಲಾಗಿರುತ್ತವೆ. ಹೆಸರಿನ ಉದ್ದ ಬದಲಾದರೆ ಆ ಲೆಕ್ಕ ತಪ್ಪಿ ವಿಜೆಟ್‌ಗಳು, ಥೀಮ್ ಆಯ್ಕೆಗಳು ಖಾಲಿಯಾಗುತ್ತವೆ. ಡಬ್ಲ್ಯುಪಿ-ಸಿಎಲ್ಐ ಉಪಕರಣದ ಹುಡುಕಿ-ಬದಲಿಸುವ ಆದೇಶ ಉದ್ದವನ್ನೂ ಸರಿಪಡಿಸುತ್ತದೆ.

ಐದಕ್ಕೆ ನಾಲ್ಕು ಅಂಕ. ಬರಹ ಬೆಳೆಯುತ್ತಾ ಹೋಗುವ, ಹಲವರು ಸೇರಿ ಬರೆಯುವ ಸೈಟಿಗೆ ಇದಕ್ಕಿಂತ ಒಳ್ಳೆಯದು ಹೇಳುವುದು ಕಷ್ಟ. ಆದರೆ ಐದು ಪುಟ ಇದ್ದು ವರ್ಷಕ್ಕೊಮ್ಮೆ ಒಂದು ಸಾಲು ಬದಲಾಗುವ ಸೈಟಿಗೆ ಇದು ಬೇಡ. ಹ್ಯೂಗೊದಂಥ ಸ್ಟ್ಯಾಟಿಕ್ ಸೈಟ್ ಜನರೇಟರ್‌ನಿಂದ ಎಚ್‌ಟಿಎಂಎಲ್ ಪುಟ ಮಾಡಿ ಏರಿಸಿಬಿಡಿ. ಅಲ್ಲಿ ಡೇಟಾಬೇಸಿಲ್ಲ, ಲಾಗಿನ್ ಪುಟವಿಲ್ಲ, ತಿಂಗಳು ತಿಂಗಳು ಅಪ್‌ಡೇಟ್ ಒತ್ತಬೇಕಾದ ಪ್ಲಗಿನ್‌ಗಳೂ ಇಲ್ಲ.